ಅರೆತಲೆನೋವಿಗೆ ಬೆಳಕು, ತೋಳಿಗೆ ಪಟ್ಟಿ

ತಲೆನೋವೆಂದು ಮಲಗಿದ ಸೊಸೆಯನ್ನು ನಮ್ಮ ಮನೆಗಳಲ್ಲಿ ಮೊದಲು ಅನುಮಾನದಿಂದಲೇ ನೋಡುತ್ತಾರೆ. ಜ್ವರವಾದರೆ ಮೈ ಬಿಸಿಯಾಗುತ್ತದೆ, ಪೆಟ್ಟಾದರೆ ರಕ್ತ ಕಾಣುತ್ತದೆ. ಇದಕ್ಕೆ ಯಾವ ಸಾಕ್ಷಿ? ನಮ್ಮ ಅಜ್ಜಿಯರು ಆಧಾಸೀಸಿ ಎನ್ನುತ್ತಿದ್ದ ಮೈಗ್ರೇನ್ ಮೆದುಳು ಮತ್ತು ನರಗಳ ಕಾಯಿಲೆ. ತಲೆಯ ಒಂದು ಬದಿ ಸಿಡಿಯುತ್ತದೆ, ವಾಕರಿಕೆ ಬರುತ್ತದೆ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲ. ನಮ್ಮ ರಾಜ್ಯದಲ್ಲೇ 2,329 ಮಂದಿಯನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ವರ್ಷವೊಂದರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಬರುತ್ತದೆ. ಹೆಂಗಸರಲ್ಲಿ ಹೆಚ್ಚು, ಹಳ್ಳಿಗಳಲ್ಲಿ ಇನ್ನೂ ಹೆಚ್ಚು.

ಶಾಲೆಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರಲ್ಲಿ ಹಣೆಗೆ ದುಪಟ್ಟಾ ಬಿಗಿದವರನ್ನು ಹೊಸಪೇಟೆಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಹಂಪಿಯ ಬಂಡೆಗಳಿಂದ ಕಣ್ಣಿಗೆ ಹೊಡೆಯುವ ಬಿಸಿಲು, ಸಂಡೂರಿನ ಅದಿರು ಲಾರಿಗಳ ಸದ್ದು, ಕಂಪ್ಲಿಯ ಗದ್ದೆಯಲ್ಲಿ ಹೊತ್ತು ಮೀರಿದ ಊಟ, ಯಾವುದೂ ನೋವನ್ನು ಕೆರಳಿಸಬಹುದು. ಆಗ ಅಂಗಡಿಯ ಮಾತ್ರೆ. ಆದರೆ ತಿಂಗಳಲ್ಲಿ ಹತ್ತು ಹದಿನೈದು ದಿನ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದೆ. ಗರ್ಭಿಣಿಯರಿಗಂತೂ ಎಲ್ಲ ಮಾತ್ರೆಯೂ ಆಗದು. ಔಷಧಿಯಿಲ್ಲದ ದಾರಿಗಳನ್ನು ವಿಜ್ಞಾನಿಗಳು ಹುಡುಕುತ್ತಿರುವುದು ಇದಕ್ಕೇ.

ಮೊದಲನೆಯದು ಬೆಳಕು. ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯದವರು 29 ರೋಗಿಗಳನ್ನು ದಿನಕ್ಕೆ ಒಂದೆರಡು ಗಂಟೆ, ಹತ್ತು ವಾರ, ಮಂದವಾದ ಹಸಿರು ಬೆಳಕಿನಲ್ಲಿ ಕೂರಿಸಿದರು. ತಲೆನೋವಿನ ದಿನಗಳು ಅರ್ಧಕ್ಕಿಂತ ಕೆಳಗಿಳಿದವೆಂದು 2020ರಲ್ಲಿ ವರದಿಯಾಯಿತು. ಆದರೆ 29 ಮಂದಿ ಬಹಳ ಕಡಿಮೆ. ಇದನ್ನು ನಂಬಿ ಹಣ ಸುರಿಯುವ ಕಾಲ ಬಂದಿಲ್ಲವೆಂದೇ ನನ್ನ ಅಭಿಪ್ರಾಯ. ಮದುವೆಮನೆಯ ಹಸಿರು ಸೀರಿಯಲ್ ಬಲ್ಬು ಹಚ್ಚಿ ಕೂತರೆ ಫಲವಿಲ್ಲ. ಬಿಸಿಲಿಗೆ ಕಪ್ಪು ಕನ್ನಡಕ ಸರಿ. ಮನೆಯೊಳಗೂ ದಿನವಿಡೀ ಹಾಕಿದರೆ ಕಣ್ಣು ಬೆಳಕಿಗೆ ಇನ್ನಷ್ಟು ಅಂಜುತ್ತದೆ.

ಎರಡನೆಯದು ಸೌಮ್ಯ ವಿದ್ಯುತ್ತು. ‘ಕರೆಂಟ್ ಕೊಡುತ್ತಾರೆ’ ಎಂದೊಡನೆ ಬೆಚ್ಚಬೇಡಿ, ಇದು ಮಾನಸಿಕ ಆಸ್ಪತ್ರೆಯ ಶಾಕ್ ಚಿಕಿತ್ಸೆ ಅಲ್ಲ. ಹುಬ್ಬಿನ ಮೇಲಿನ ನರಕ್ಕೆ ಮಿಡಿತ ಕೊಡುವ ‘ಸೆಫಾಲಿ’ಗೆ ಅಮೆರಿಕ 2014ರಲ್ಲಿ ಒಪ್ಪಿಗೆ ನೀಡಿತು. ತೋಳಿಗೆ ಕಟ್ಟುವ ‘ನೆರಿವಿಯೊ’ ಪಟ್ಟಿಯನ್ನು ಡಾ. ರೆಡ್ಡೀಸ್ ಕಂಪೆನಿ 2023ರಲ್ಲಿ ಭಾರತಕ್ಕೆ ತಂದಿತು. ನೋವು ಶುರುವಾದೊಡನೆ ಕಟ್ಟಿಕೊಂಡು ಮೊಬೈಲಿನಿಂದ 45 ನಿಮಿಷ ನಡೆಸಬೇಕು. ತೋಳಿನಲ್ಲಾಗುವ ಜುಮ್ಮೆನ್ನುವಿಕೆ, ಮೆದುಳು ತಾನೇ ನೋವನ್ನು ಅದುಮುವ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಬುರ್ಖಾದ ತೋಳಿನೊಳಗೆ ಯಾರಿಗೂ ಕಾಣದು! ಎಲ್ಲರಿಗೂ ಫಲಿಸುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ, ಹತೋಟಿಗೆ ಬಾರದ ಮೂರ್ಛೆರೋಗವಿದ್ದವರಿಗೆ ಕೂಡದು. ಜಾಹೀರಾತು ನೋಡಿ ಕೊಳ್ಳದೆ, ವೈದ್ಯರು ಬರೆದುಕೊಟ್ಟರೆ ಮಾತ್ರ ಕೊಳ್ಳಿ.

ಅದಕ್ಕೆ ಮುಂಚೆ ಒಂದು ಹಳೆಯ ನೋಟ್‌ಬುಕ್ ಸಾಕು. ನೋವು ಬಂದ ದಿನ, ಮುಟ್ಟು, ನಿದ್ದೆ, ತಪ್ಪಿದ ಊಟ, ನುಂಗಿದ ಮಾತ್ರೆ ಬರೆದಿಡಿ. ತಲೆಗೆ ಸ್ನಾನ ಮಾಡಿದ ದಿನವನ್ನೂ ಬರೆಯಿರಿ. ಅದರಿಂದ ನೋವು ಏಳುವ 94 ಭಾರತೀಯ ರೋಗಿಗಳ ವಿವರವನ್ನು ಮುಂಬಯಿಯ ಡಾ. ರವಿಶಂಕರ್ 2006ರಲ್ಲಿ ಪ್ರಕಟಿಸಿದ್ದರು. ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ ತಲೆನೋವೂ ಸೇರಿದೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮೊದಲಾಗಿ ಬೇರೆ ಜಿಲ್ಲೆಗಳಿಗೂ ಹಬ್ಬಿದ ಯೋಜನೆಯಿದು. ನಿಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ನೋಟ್‌ಬುಕ್ ಜೊತೆಗಿರಲಿ.

ಸಿಡಿಲಿನಂತೆ ಒಮ್ಮೆಲೇ ಬಂದ ನೋವು, ಮಾತಿನ ತೊದಲು, ಕೈಕಾಲಿನ ಸೋಲು, ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಳ್ಳುವುದು ಕಂಡರೆ ಬೆಳಗಾಗುವವರೆಗೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.