ಸಾಕ್ಷಿಯ ಸಹಿ

ದಸರೆ ರಜೆಗೆ ಮಗ, ಸೊಸೆ, ಮೊಮ್ಮಗ ಅಬಲೂರಿಗೆ ಬಂದಿದ್ದರು. ಮಗನ ಕೈಯಲ್ಲಿ ಹೊಸ ಗಡಿಯಾರ. ಸಮಯ ಹೇಳುವುದು ಅದಕ್ಕೆ ಸಣ್ಣ ಕೆಲಸ. ಎಷ್ಟು ಹೆಜ್ಜೆ ನಡೆದ, ಎಷ್ಟು ಹೊತ್ತು ಮಲಗಿದ, ಎದೆ ಎಷ್ಟು ಸಲ ಬಡಿಯಿತು, ಎಲ್ಲ ಬರೆದಿಡುತ್ತದಂತೆ. ನಮ್ಮೂರನ್ನು ಸರ್ವಜ್ಞನ ಊರು ಎನ್ನುತ್ತಾರೆ. ಈಗ ಗಡಿಯಾರವೇ ಸರ್ವಜ್ಞನಾಗಲು ಹೊರಟಿದೆ.

“ಅಜ್ಜಾ, ಅಪ್ಪ ಜೀವವಿಮೆ ಮಾಡಸಾಕತ್ತಾನ. ಗಡಿಯಾರದ ಲೆಕ್ಕಾ ಕಂಪನಿಗೆ ಕೊಟ್ರ ಕಂತಿನ್ಯಾಗ ರಿಯಾಯ್ತಿ ಐತಂತ. ಕೊಡಬೇಕೇನು?” ಎಂದ ಮೊಮ್ಮಗ.

ನನಗೆ ಹಳೆಯದೊಂದು ಅರ್ಜಿ ನೆನಪಾಯಿತು. ನಾನು ಬ್ಯಾಂಕಿನಲ್ಲಿದ್ದಾಗ ನಮ್ಮ ಓಣಿಯ ಗೆಳೆಯನೊಬ್ಬ ವಿಮೆಯ ಅರ್ಜಿ ಹಿಡಿದು ಕೌಂಟರಿಗೆ ಬಂದ. ಏಜೆಂಟರು ಎಲ್ಲ ತುಂಬಿದ್ದರು, ಸಾಕ್ಷಿಯ ಸಹಿ ಬೇಕಿತ್ತು. ಹಾಕಿಕೊಟ್ಟೆ. ಒಂದೂವರೆ ವರ್ಷಕ್ಕೆ ಅವನು ತೀರಿಕೊಂಡ. ಅವನ ಹೆಂಡತಿ ಇಂಗ್ಲಿಷಿನ ಪತ್ರವೊಂದನ್ನು ತಂದು ಓದಲು ಕೊಟ್ಟಳು. ಸಕ್ಕರೆ ಕಾಯಿಲೆ ಇದೆಯೇ ಎಂಬಲ್ಲಿ ‘ಇಲ್ಲ’ ಎಂದು ಬರೆದಿದ್ದರಿಂದ ಹಣ ಕೊಡಲಾಗದು ಎಂದಿತ್ತು. ಅವನು ಆರು ವರ್ಷದಿಂದ ಗುಳಿಗೆ ನುಂಗುತ್ತಿದ್ದದ್ದು ಓಣಿಗೆಲ್ಲ ಗೊತ್ತು. “ಬರದ್ರ ಕಂತು ಏರತೈತಿ ಅಂದಿದ್ರಂತ, ಅಣ್ಣಾರ” ಎಂದಳು. ಲೆಡ್ಜರಿನಲ್ಲಿ ಹತ್ತು ಪೈಸೆ ತಪ್ಪಿದರೆ ರಾತ್ರಿಯವರೆಗೆ ಹುಡುಕುತ್ತಿದ್ದವನು ನಾನು. ಆ ಒಂದು ಅರ್ಜಿಯ ಒಳಪುಟ ತೆರೆದು ನೋಡಿರಲಿಲ್ಲ.

1938ರ ವಿಮಾ ಕಾಯ್ದೆಯ 45ನೇ ಕಲಮಿನಲ್ಲಿ ಆಗ ಎರಡು ವರ್ಷದ ಗಡುವಿತ್ತು. 2015ರ ತಿದ್ದುಪಡಿಯಲ್ಲಿ ಮೂರು ವರ್ಷವಾಯಿತು. ಅದು ದಾಟಿದರೆ ಕಂಪನಿ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಹಾಗಾದರೆ ಮೂರು ವರ್ಷ ಮುಚ್ಚಿಟ್ಟರಾಯಿತು ಎಂದು ಲೆಕ್ಕ ಹಾಕುವವರೂ ಇದ್ದಾರೆ. ನನ್ನ ಗೆಳೆಯನಿಗೆ ಎರಡೂ ದಾಟಲಿಲ್ಲ.

ಅರ್ಜಿ ಕೇಳಿದ್ದಕ್ಕೆ ನಿಜ ಬರೆಯಲೇಬೇಕು, ಕಂತು ಏರಿದರೂ. ಗಡಿಯಾರದ ಮಾತು ಬೇರೆ. ಅದು ಒಮ್ಮೆ ಕೇಳಿ ಸುಮ್ಮನಾಗುವುದಿಲ್ಲ, ದಿನಾ ಮನೆಗೆ ಬಂದು ಕೂರುತ್ತದೆ. ಅಮೆರಿಕದ ಜಾನ್ ಹ್ಯಾನ್‌ಕಾಕ್ ಎಂಬ ಕಂಪನಿ 2018ರಲ್ಲೇ ತನ್ನ ಎಲ್ಲ ಜೀವವಿಮೆಗೂ ಇಂಥ ಯೋಜನೆ ಜೋಡಿಸಿತು. ಆದರೆ ಲೆಕ್ಕ ಕೊಡುವುದು ಬಿಡುವುದು ಗ್ರಾಹಕರ ಇಷ್ಟ. ಇಂದು ರಿಯಾಯಿತಿ ಕೊಡುವವರು, ಮೊಣಕಾಲು ನೋವಿನಿಂದ ನಾನು ನಡೆಯದ ತಿಂಗಳು ಏನು ಮಾಡುತ್ತಾರೋ! ಬ್ಯಾಂಕಿಗೆ ಸೇರುವಾಗ, ಗ್ರಾಹಕರ ಗುಟ್ಟು ಬಿಡುವುದಿಲ್ಲ ಎಂದು ನಮ್ಮಿಂದ ಬರೆಸಿಕೊಂಡಿದ್ದರು. ಯಂತ್ರದಿಂದ ಯಾರು ಬರೆಸಿಕೊಂಡಿದ್ದಾರೆ? ನಮ್ಮ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ನಿವೃತ್ತಿಯ ನಂತರ 2012ರಲ್ಲಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ತೀರ್ಪಿತ್ತದ್ದು ಅವರ ಮೊಕದ್ದಮೆಯಲ್ಲೇ. ಆ ಹಕ್ಕನ್ನು ಒಂದು ಕಂತಿನ ರಿಯಾಯಿತಿಗೆ ಕೊಡಲು ನನಗೆ ಮನಸ್ಸಿಲ್ಲ. ಮಗನಿಗೆ ಹಾಗೇ ಹೇಳಿದೆ.

ರಾತ್ರಿ ಊಟವಾದ ಮೇಲೆ ಅವನ ಅರ್ಜಿ ತೆಗೆಸಿ, ಕನ್ನಡಕ ಹಾಕಿಕೊಂಡು ಒಂದೊಂದೇ ಪ್ರಶ್ನೆ ಓದಿದೆ. ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂಬಲ್ಲಿ ಮಗನ ಪೆನ್ನು ನಿಂತಿತು.

“ಬರಿ” ಎಂದೆ.

‘ಹೌದು’ ಎಂದು ಬರೆದ. ಸೊಸೆ ಎಲೆ ಅಡಿಕೆಯ ತಟ್ಟೆ ಕೆಳಗಿಟ್ಟು, “ಗುಳಿಗಿ ಯಾವಾಗಿಂದ ತಗೊಳ್ಳಾಕತ್ತೀರಿ?” ಎಂದು ಕೇಳಿದಳು.