ಒಪ್ಪಿ ಬಂದವರೆಂಬ ನೆಪ: ಶಿರೂರಿನ ಕನ್ನಡಿಗರಲ್ಲಿ ಒಂದು ವಿಜ್ಞಾಪನೆ



ಘೋಡ ನದಿಯ ದಡದ ಈ ಶಿರೂರಿಗೂ, ರಾಂಜಣಗಾಂವದ ಕಾರ್ಖಾನೆಗಳಿಗೂ, ಸುತ್ತಣ ಕಬ್ಬಿನ ಹೊಲಗಳಿಗೂ ಹೊಟ್ಟೆಪಾಡಿಗಾಗಿ ಬರುವ ಬಡವರಲ್ಲಿ, ಮುಂಗಡದ ಹಣಕ್ಕೆ ಕಟ್ಟುಬಿದ್ದವರು ಊರಿಗೆ ಮರಳಲೆಳಸಿದರೆ, “ಒಪ್ಪಿಯೇ ಬಂದವರಲ್ಲವೆ?” ಎಂಬ ಮಾತು ಗುತ್ತಿಗೆದಾರನ ಬಾಯಲ್ಲಿ ಸಿದ್ಧವಾಗಿರುತ್ತದೆ.

ಈ ಮಾತಿಗೆ ಶಾಸನದಲ್ಲಿ ಉತ್ತರವುಂಟು. 2013ರ ತಿದ್ದುಪಡಿಯಿಂದ ದಂಡಸಂಹಿತೆಯ 370ನೆಯ ಕಲಮಿನಲ್ಲಿ ಹೊಸ ರೂಪ ತಳೆದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಾಗಿ ಮುಂದುವರಿದಿರುವ ವಿಧಿಯು, ಬೆದರಿಕೆಯಿಂದಾಗಲಿ ವಂಚನೆಯಿಂದಾಗಲಿ ಹಣದ ಆಮಿಷದಿಂದಾಗಲಿ ಶೋಷಣೆಗೋಸ್ಕರ ಮನುಷ್ಯರನ್ನು ಕರೆತರುವುದನ್ನೂ ಸಾಗಿಸುವುದನ್ನೂ ಇರಿಸಿಕೊಳ್ಳುವುದನ್ನೂ ಮಾನವ ಸಾಗಾಟದ ಅಪರಾಧವೆಂದು ಸಾರಿ, ಆ ಅಪರಾಧದ ನಿರ್ಣಯದಲ್ಲಿ ನೊಂದವರ ಒಪ್ಪಿಗೆ ಗಣನೆಗೆ ಬಾರದೆಂದೂ ವಿಧಿಸಿದೆ. ಅದಕ್ಕೂ ಬಹು ಮುಂಚೆ, 1982ರಲ್ಲಿ, ಏಷ್ಯಾಡ್ ಕಾಮಗಾರಿಯ ಕೂಲಿಗಳ ಮೊಕದ್ದಮೆಯಲ್ಲಿ ಸಂವಿಧಾನದ 23ನೆಯ ಅನುಚ್ಛೇದವನ್ನು ವ್ಯಾಖ್ಯಾನಿಸಿದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಭಗವತಿಯವರು, ಹಸಿವು ದಾರಿದ್ರ್ಯಗಳ ಒತ್ತಡವೂ ಬಲಾತ್ಕಾರವೇ ಎಂದೂ, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಬಲವಂತದ ದುಡಿಮೆಯೆಂದೂ ತೀರ್ಪಿತ್ತರು. ಕಡಿಮೆ ಕೂಲಿ ಕೊಟ್ಟವರೆಲ್ಲ ಮನುಷ್ಯರನ್ನು ಮಾರುವವರೆಂದು ನಾವು ಹೇಳುತ್ತಿಲ್ಲ. ದಂಡನೆಯ ಶಾಸನವನ್ನು ಬಿಗಿಯಾಗಿಯೇ ಓದಬೇಕು, ಶೋಷಣೆಯ ಉದ್ದೇಶವು ರುಜುವಾತಾಗಲೇಬೇಕು. ಆದರೆ ತೀರದ ಮುಂಗಡವನ್ನು ಮುಂದೊಡ್ಡಿ ಕುಟುಂಬವನ್ನೇ ಹಿಡಿದಿಟ್ಟಲ್ಲಿ, ಆ ಮುಂಗಡವನ್ನೇ ಕಲಮು ಹೇಳುವ ಆಮಿಷವೆಂದು ನ್ಯಾಯಾಲಯಗಳು ಗ್ರಹಿಸಬೇಕೆಂಬುದು ನಮ್ಮ ವಾದ.

ಇದರ ಜೊತೆಗೇ ಇನ್ನೊಂದು ಗೊಂದಲವನ್ನು ಕಳೆಯಬೇಕಾಗಿದೆ. ಒಪ್ಪಿಗೆಯು ಆರೋಪಿಯ ಪ್ರತಿವಾದಕ್ಕೆ ಒದಗದೆಂಬುದನ್ನೇ ನೆಪಮಾಡಿಕೊಂಡು, ಬಿಡಿಸಿ ತಂದ ವಯಸ್ಕ ಹೆಣ್ಣಿನ ಇಚ್ಛೆಯನ್ನೂ ಅಲ್ಲಗಳೆದು ಅವಳನ್ನು ಆಶ್ರಯಗೃಹದಲ್ಲಿ ಕೂಡಿಹಾಕುವುದು ರಕ್ಷಣೆಯಾಗದು. 2020ರ ಸೆಪ್ಟೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪೃಥ್ವಿರಾಜ ಚವಾಣರು ಇಂತಹ ಮೂವರು ಯುವತಿಯರನ್ನು ಬಿಡುಗಡೆಗೊಳಿಸುತ್ತ, ವೃತ್ತಿಯನ್ನು ಆಯ್ದುಕೊಳ್ಳುವ ಹಕ್ಕು ವಯಸ್ಕಳಿಗಿದೆಯೆಂದರು. ಶಿರೂರು ಅದೇ ಉಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿದೆ. ಅಪ್ರಾಪ್ತರ ಮಾತು ಬೇರೆ. ಅಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳದು.

ಆದಕಾರಣ, ಕರಾರು ವಿಜಯಪುರದಲ್ಲಾಗಿದ್ದರೂ ಕಲಬುರ್ಗಿಯಲ್ಲಾಗಿದ್ದರೂ, ದೂರನ್ನು ಇಲ್ಲಿಯ ಪೊಲೀಸ್ ಠಾಣೆಯಲ್ಲಿಯೇ ಬರೆಸಿರಿ. ಹದ್ದು ತಮ್ಮದಲ್ಲವೆಂದು ತಿರಸ್ಕರಿಸುವ ಅಧಿಕಾರ ಠಾಣೆಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನದ 12ನೆಯ ಕಲಮಿನಂತೆ, ಮಾನವ ಸಾಗಾಟಕ್ಕೂ ಬಿಟ್ಟಿ ದುಡಿಮೆಗೂ ಗುರಿಯಾದವರಿಗೆ ವಕೀಲರು ಉಚಿತವಾಗಿ ದೊರೆಯುತ್ತಾರೆ. ಆ ನೆರವನ್ನು ಕೇಳಿ ಪಡೆಯಿರಿ.