ಎಷ್ಟು ದಿನ ಎಂದು ಬರೆಯಿರಿ! ಗ್ಯಾಸಿನ ಗುಳಿಗೆಯ ಹೆಸರಿನಲ್ಲಿ ನಡೆದಿರುವ ಅನ್ಯಾಯ ಸಾಕು

ಪಾರ್ವತಿನಗರದ, ಸಿರುಗುಪ್ಪದ, ಕುರುಗೋಡಿನ ಬಂಧುಗಳೇ,

ಕಳೆದ ವಾರ ನಮ್ಮ ಓಣಿಯ ಹಿರಿಯಮ್ಮ ಒಬ್ಬರು ಕೈಬೆರಳು ಸೆಟೆದುಕೊಂಡು, ಮೈ ನಡುಗಿ ಆಸ್ಪತ್ರೆ ಸೇರಿದರು. ರಕ್ತದಲ್ಲಿ ಮೆಗ್ನೀಸಿಯಂ ತೀರಾ ಇಳಿದುಹೋಗಿತ್ತು. ದಿನಾ ಯಾವ ಗುಳಿಗೆ ನುಂಗುತ್ತೀರಿ ಎಂದು ಡಾಕ್ಟರು ಕೇಳಿದಾಗ ಆಕೆ ಎಲೆಯಡಿಕೆ ಚೀಲದಿಂದ ಕತ್ತರಿಸಿದ ಸ್ಟ್ರಿಪ್ಪಿನ ತುಂಡೊಂದನ್ನು ತೆಗೆದುಕೊಟ್ಟರು. ಎರಡು ಗುಳಿಗೆ ಉಳಿದಿದ್ದವು. ಔಷಧದ ಹೆಸರು, ಎಕ್ಸ್‌ಪೈರಿ ತಾರೀಕು ಎರಡೂ ಅಂಗಡಿಯಲ್ಲೇ ಉಳಿದ ಇನ್ನರ್ಧದಲ್ಲಿ. "ಗ್ಯಾಸಿಂದಪ್ಪಾ, ಮುಂಜಾನಿ ಒಂದು" ಎಂದರು. ಯಾವಾಗಿನಿಂದ? ಮೊಮ್ಮಗನ ಜವಳಕ್ಕಿಂತ ಮೊದಲಿನಿಂದ. ಆ ಹುಡುಗ ಈಗ ನಾಲ್ಕನೇ ಕ್ಲಾಸು.

ಗುಳಿಗೆ ಶುರುಮಾಡಲು ಹೇಳಿದವರಿದ್ದರು. ಎಷ್ಟು ದಿನ ಎಂದು ಯಾರೂ ಬರೆಯಲಿಲ್ಲ.

ಇದು ಒಬ್ಬಾಕೆಯ ಕಥೆಯಲ್ಲ ಎಂಬುದು ನಿಮಗೆ ಗೊತ್ತು. ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳು ಮಧ್ಯಾಹ್ನದ ಊಟ ತಪ್ಪಿಸಿ ಒಂದು ನುಂಗುತ್ತಾರೆ. ಮಿರ್ಚಿ ಮಂಡಕ್ಕಿ ತಿನ್ನುವ ಮೊದಲೇ ಜೇಬಿನಿಂದ ಒಂದು ತೆಗೆಯುವ ಧೀರರೂ ನಮ್ಮಲ್ಲಿದ್ದಾರೆ. ಜ್ವರಕ್ಕೆ ಹೋದರೂ ಪ್ಯಾಂಟೊಪ್ರಜೋಲ್ ಎಂಬ ಗ್ಯಾಸಿನ ಗುಳಿಗೆ, ಮೊಣಕಾಲು ನೋವಿಗೆ ಹೋದರೂ ಪ್ಯಾಂಟೊಪ್ರಜೋಲ್. ಪ್ರಸಾದ ಹಂಚಿದ ಹಾಗೆ ಹಂಚುತ್ತಿದ್ದಾರೆ, ಸ್ವಾಮಿ!

ಗುಳಿಗೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. 1988ರಲ್ಲಿ ಇದೇ ಜಾತಿಯ ಒಮೆಪ್ರಜೋಲ್ ಮಾರುಕಟ್ಟೆಗೆ ಬಂದ ಮೇಲೆ ಹೊಟ್ಟೆಹುಣ್ಣಿಗೆ ಆಪರೇಷನ್ ಮಾಡಿಸಿಕೊಳ್ಳುವವರೇ ಕಡಿಮೆಯಾದರು. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಪಂಪುಗಳಿವೆ. ಅನ್ನ ಬಿದ್ದಾಗ ಅವು ಚುರುಕಾಗುತ್ತವೆ, ಗುಳಿಗೆ ಅವನ್ನು ಕಟ್ಟಿಹಾಕುತ್ತದೆ. ಆದ್ದರಿಂದಲೇ ತಿಂಡಿಗೆ ಅರ್ಧ ಗಂಟೆ ಮೊದಲು ಅದು ಹೊಟ್ಟೆ ಸೇರಬೇಕು. ಉಂಡು, ತೇಗಿ, ಉರಿ ಎದ್ದ ಮೇಲೆ ನುಂಗಿದರೆ ಅರ್ಧ ದುಡ್ಡು ನೀರಿಗೆ. ಅಗಿಯಬಾರದು, ಪುಡಿ ಮಾಡಬಾರದು; ಮೇಲಿನ ಕವಚ ಒಡೆದರೆ ಹೊಟ್ಟೆಯ ಹುಳಿಯೇ ಔಷಧವನ್ನು ತಿಂದುಹಾಕುತ್ತದೆ. ಇಷ್ಟು ಮಾತು ಹೇಳಲು ಎಷ್ಟು ಹೊತ್ತು ಬೇಕು? ಚಿಲ್ಲರೆ ಎಣಿಸುವಷ್ಟು ಹೊತ್ತು ಸಾಕು. ಅದನ್ನೂ ಯಾರೂ ಹೇಳಲಿಲ್ಲ.

ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದ ಔಷಧ ಇದು. ವರ್ಷಗಟ್ಟಲೆ ನುಂಗಿದರೆ ಮೆಗ್ನೀಸಿಯಂ, ಬಿ12 ಇಳಿಯಬಹುದು, ಮೂಳೆ ಮುರಿಯುವ ಅಪಾಯ ಹೆಚ್ಚಬಹುದು. ಕಿಡ್ನಿಗೆ ಪೆಟ್ಟಾಗಬಹುದೆಂಬ ಎಚ್ಚರಿಕೆಯನ್ನು ಔಷಧದ ಜೊತೆಗಿನ ಹಾಳೆಯಲ್ಲಿ ಸೇರಿಸಿರೆಂದು ದೇಶದ ಔಷಧ ಮಹಾನಿಯಂತ್ರಕರು 2019ರ ಅಕ್ಟೋಬರಿನಲ್ಲೇ ಸೂಚಿಸಿದ್ದಾರೆ. ಆ ಹಾಳೆ ನಿಮ್ಮ ಕೈಗೆ ಎಂದಾದರೂ ಬಂದಿದೆಯೇ? ಕತ್ತರಿ ಆಡಿಸಿದ ತುಂಡಿನ ಜೊತೆ ಹಾಳೆ ಬರುವುದಾದರೂ ಹೇಗೆ?

ಕಾನೂನು ಇಲ್ಲವೇ? ಇದೆ, ಧೂಳು ತಿನ್ನುತ್ತಿದೆ. ಇದು ಶೆಡ್ಯೂಲ್ ಎಚ್ ಔಷಧ. 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಒಟ್ಟು ಎಷ್ಟು ಔಷಧ, ಯಾವ ಪ್ರಮಾಣದಲ್ಲಿ ಎಂಬುದು ಚೀಟಿಯಲ್ಲಿರಬೇಕು. ಡಾಕ್ಟರು ಬರೆಯದ ಹೊರತು ಅದೇ ಚೀಟಿಗೆ ಎರಡನೇ ಸಲ ಕೊಡುವಂತಿಲ್ಲ. ಮಡಿಚಿ ಮಡಿಚಿ ಹರಿದ ಹಳೇ ಚೀಟಿಗೆ ಇಂದಿಗೂ ಗುಳಿಗೆ ಸಿಗುತ್ತಿದೆಯಲ್ಲ, ಅದು ಯಾರ ರಾಜ್ಯದ ಕಾನೂನು?

"ಚೀಟಿ ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನ್ರೀ" ಎನ್ನುತ್ತಾರೆ ಅಂಗಡಿಯವರು. ಅಯ್ಯೋ ಪಾಪ! ಗಿರಾಕಿಯ ಕಿಡ್ನಿ ಹೋದರೂ ಪರವಾಗಿಲ್ಲ, ಗಿರಾಕಿ ಹೋಗಬಾರದು. "ಒಬ್ಬೊಬ್ಬರಿಗೂ ವಿವರಿಸುತ್ತ ಕೂತರೆ ಒಪಿಡಿ ಮುಗಿಯುವುದು ಯಾವಾಗ?" ಎಂದು ಡಾಕ್ಟರುಗಳು. ಮೂರು ತರದ ಟೆಸ್ಟ್ ಬರೆಯಲು ಪುರುಸೊತ್ತಿದೆ. "30 ದಿನ" ಎಂದು ಬರೆಯಲು ಪೆನ್ನಿನ ಶಾಯಿ ಮುಗಿದಿದೆ.

ಇನ್ನು ವಾಟ್ಸಾಪಿನ ಕಷಾಯ ಪಂಡಿತರು. ನಾವು ಬಾಯಿ ತೆರೆದದ್ದೇ ತಡ, "ಇಂಗ್ಲಿಷ್ ಔಷಧವೇ ವಿಷ, ಜೀರಿಗೆ ನೀರು ಕುಡಿಯಿರಿ" ಎಂದು ಕುಣಿಯತೊಡಗಿದ್ದಾರೆ. ನಿಮ್ಮ ಸಹವಾಸ ನಮಗೆ ಬೇಡ ಮಹನೀಯರೇ. ಮಲ ಡಾಂಬರಿನಂತೆ ಕಪ್ಪಗಾದವರಿಗೆ, ರಕ್ತ ವಾಂತಿಯಾದವರಿಗೆ, ನುಂಗಿದ ತುತ್ತು ಗಂಟಲಲ್ಲೇ ನಿಲ್ಲುವವರಿಗೆ ಜೀರಿಗೆ ನೀರು ಕುಡಿಸಿ ಹೊತ್ತು ಕಳೆಯುವುದೂ ಕೊಲೆಗೆ ಸಮ. ಎದೆ ಹಿಂಡಿ ಬೆವರು ಕಿತ್ತುಬಂದಾಗ ಅದನ್ನು ಗ್ಯಾಸೆಂದು ಗುಳಿಗೆ ನುಂಗಿ ಮಲಗುವುದೂ ಅಷ್ಟೇ. ಆಗ ಓಡಬೇಕಾದದ್ದು ಇಸಿಜಿಗೆ. ವರ್ಷಕ್ಕೊಮ್ಮೆ ಫ್ಲೆಕ್ಸ್ ಕಟ್ಟಿ, ಬಿಪಿ ನೋಡಿ, ಚೀಲ ತುಂಬ ಪುಕ್ಕಟೆ ಗುಳಿಗೆ ಹಂಚಿ ಫೋಟೊ ಹೊಡೆಸಿಕೊಳ್ಳುವ ಶಿಬಿರದ ಸಮಾಜಸೇವಕರಿಗೂ ಒಂದು ಮಾತು: ಆ ಚೀಲದಲ್ಲೂ ದಿನದ ಲೆಕ್ಕ ಇರಲಿಲ್ಲ.

2024ರ ನವೆಂಬರ್ ಮರೆತಿರಾ? ಇದೇ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಆ ತಿಂಗಳು ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಹೋದರು. ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲೆ ಅನುಮಾನ ಬಂತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಹೆಣ ಬಿದ್ದ ಮೇಲೆ ಎದ್ದ ವ್ಯವಸ್ಥೆ ಮತ್ತೆ ಮಲಗಿದೆ. ಅದು ಬಾಟಲಿ, ಇದು ಗುಳಿಗೆ. ಬಡವರಿಗೆ ಏನು ಹೇಳಬೇಕಾಗಿದೆ ಎಂಬ ಧಿಮಾಕು ಮಾತ್ರ ಒಂದೇ.

ಬಂಧುಗಳೇ, ಸಿಟ್ಟಿನಲ್ಲಿ ನಾಳೆಯೇ ಗುಳಿಗೆ ಎಸೆಯಬೇಡಿ. ಬಹುಕಾಲ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ, ಮತ್ತೆ ಅದೇ ಅಂಗಡಿಗೆ ಓಡುತ್ತೀರಿ. ನೋವಿನ ಗುಳಿಗೆ ಅಥವಾ ಆಸ್ಪಿರಿನ್ ಬಿಡಲಾಗದ ವಯಸ್ಸಾದವರಲ್ಲಿ ಕೆಲವರಿಗೆ ಇದು ವರ್ಷಗಟ್ಟಲೆ ಬೇಕೇ ಬೇಕು. ಹೃದಯಕ್ಕೆ ಕ್ಲೊಪಿಡೊಗ್ರೆಲ್ ನುಂಗುವವರಿಗೆ ಒಮೆಪ್ರಜೋಲ್ ಕೂಡಿಬರುವುದಿಲ್ಲ. ಹೆಸರಿನ ಕೊನೆಯಲ್ಲಿ "ಡಿ" ಇರುವ ಗುಳಿಗೆಯಲ್ಲಿ ಬಹುಮಟ್ಟಿಗೆ ಡೊಂಪೆರಿಡೋನ್ ಸೇರಿರುತ್ತದೆ. ಹೃದಯದ ಬಡಿತ ಕೆಡಿಸಬಲ್ಲ ಅದನ್ನು ದಿನಚರಿ ಮಾಡಿಕೊಳ್ಳಬಾರದು. ನಿಮ್ಮದು ಯಾವುದು, ಯಾಕೆ, ಎಷ್ಟು ದಿನ ಎಂದು ಬರೆದುಕೊಟ್ಟವರ ಮುಂದೆಯೇ ನಿಂತು ಕೇಳಿ. ಗದರಿದರೆ ಇನ್ನೊಮ್ಮೆ ಕೇಳಿ.

ಬರುವ ಸೋಮವಾರ ಬೆಳಿಗ್ಗೆ 11 ಗಂಟೆಗೆ ಬಳ್ಳಾರಿಯ ಔಷಧ ನಿಯಂತ್ರಣ ಕಚೇರಿಯ ಮುಂದೆ ಸೇರೋಣ. ಮನೆಯಲ್ಲಿರುವ ಹಳೇ ಚೀಟಿಗಳನ್ನೆಲ್ಲ ತನ್ನಿ. ಸಿರುಗುಪ್ಪ, ಕುರುಗೋಡಿನವರು ಮೊದಲ ಬಸ್ಸಿಗೇ ಹೊರಡಿ. ಬರಲಾಗದವರು ಇದನ್ನು ಓದಲು ಬಾರದವರಿಗೆ ಗಟ್ಟಿಯಾಗಿ ಓದಿಹೇಳಿ.

ಇಂತಿ,
ಪಾರ್ವತಿನಗರದ ನಿವಾಸಿಗಳು